ಕೈಗೆ ಆಗಿಬರದ ವಾಚು

ಪ್ರಶ್ನೆ: ಕೀ ಕೊಡುವ ವಾಚು ಮೇಜಿನ ಮೇಲೆ ಇಟ್ಟಾಗ ಸರಿಯಾಗಿ ಓಡುತ್ತದೆ. ಕೈಗೆ ಕಟ್ಟಿಕೊಂಡರೆ ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ. ನನ್ನದು ಉಷ್ಣದ ಮೈ, ಹಾಗಾಗಿ ಕೈಗೆ ವಾಚು ಆಗಿಬರುವುದಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವೇ?

ನಿಜವಲ್ಲ. ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ, ಅಪ್ಪನ ಕಾಲದ ಎಚ್‌ಎಂಟಿ ಜನತಾವನ್ನು ಬೀರುವಿನಿಂದ ತೆಗೆದು ನನ್ನ ಅಂಗಡಿಗೆ ತರುವವರು ಹೆಚ್ಚುತ್ತಾರೆ. ಸ್ವಚ್ಛ ಮಾಡಿ, ಎಣ್ಣೆ ಹಾಕಿ ಕೊಡುತ್ತೇನೆ. ಹದಿನೈದು ದಿನಕ್ಕೆ ಮತ್ತೆ ಬರುತ್ತಾರೆ. ಬಂದವರು ನನ್ನ ಕೆಲಸವನ್ನು ಬೈಯುವುದಿಲ್ಲ, ತಮ್ಮ ಮೈಯನ್ನೇ ಬೈದುಕೊಳ್ಳುತ್ತಾರೆ. ಅದೇ ನನಗೆ ಹೆಚ್ಚು ಕಿರಿಕಿರಿ.

ಉಷ್ಣದ ಮಾತನ್ನೇ ಮೊದಲು ತೆಗೆದುಕೊಳ್ಳಿ. ಆರೋಗ್ಯವಂತರೆಲ್ಲರ ಮೈಯೂ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅದಕ್ಕಿಂತ ಎರಡು ಡಿಗ್ರಿ ಏರಿದರೆ ನೀವು ಹೋಗಬೇಕಾದದ್ದು ಡಾಕ್ಟರ ಬಳಿಗೆ, ನನ್ನ ಬಳಿಗಲ್ಲ. ಹಿಂದೆ ಈ ಭಯಕ್ಕೆ ಆಧಾರವಿತ್ತು ಎಂಬುದನ್ನು ಒಪ್ಪುತ್ತೇನೆ. ವಾಚಿನ ಒಳಚಕ್ರವನ್ನು ಅತ್ತಿತ್ತ ಆಡಿಸುವ ಕೂದಲೆಳೆಯಂಥ ಸುರುಳಿ, ಅಂದರೆ ಹೇರ್ ಸ್ಪ್ರಿಂಗ್, ಸಾಧಾರಣ ಉಕ್ಕಿನದಾಗಿದ್ದ ಕಾಲದಲ್ಲಿ ಒಂದು ಡಿಗ್ರಿ ಬಿಸಿ ಏರಿದರೆ ವಾಚು ದಿನಕ್ಕೆ ಸುಮಾರು 10 ಸೆಕೆಂಡು ಹಿಂದೆ ಬೀಳುತ್ತಿತ್ತು. ಆಮೇಲೆ ಬಿಸಿಗೆ ಬಗ್ಗದ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳು ಬಂದವು. ಆ ಸಂಶೋಧನೆ ಮಾಡಿದ ಷಾರ್ಲ್ ಎದುವಾರ್ ಗಿಯೋಮ್ ಅವರಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನೂರು ವರ್ಷ ಕಳೆದರೂ ನಮ್ಮ ಮನೆಗಳಲ್ಲಿ ಉಷ್ಣ ಇಳಿದಿಲ್ಲ.

ಮೈಯಲ್ಲಿ ಕರೆಂಟು ಇದೆ ಎನ್ನುವವರು ಇನ್ನೊಂದು ಪಂಗಡ. ಇದೆ, ಇಲ್ಲವೆಂದು ಯಾರು ಹೇಳಿದರು? ಇಸಿಜಿ ಯಂತ್ರ ಅದನ್ನೇ ಹಿಡಿಯುವುದು. ಚರ್ಮದ ಮೇಲೆ ಅದು ಸುಮಾರು ಒಂದು ಮಿಲಿವೋಲ್ಟ್, ಎಂದರೆ ಟಾರ್ಚಿನ ಸೆಲ್ಲಿನ ಸಾವಿರದೈನೂರನೇ ಒಂದು ಪಾಲು. ಹೃದಯದ ಕಾಂತಕ್ಷೇತ್ರವಂತೂ ಭೂಮಿಯದ್ದಕ್ಕಿಂತ ಲಕ್ಷಾಂತರ ಪಟ್ಟು ದುರ್ಬಲ. ಭೂಮಿಗೇ ಹೆದರದ ವಾಚು ನಿಮ್ಮ ಹೃದಯಕ್ಕೆ ಹೆದರುತ್ತದೆಯೇ? ಅದೂ ಅಲ್ಲದೆ, ಕೀ ವಾಚಿನೊಳಗೆ ವಿದ್ಯುತ್ತಿನಿಂದ ನಡೆಯುವ ಭಾಗವೇ ಇಲ್ಲ. ಮೊಬೈಲಿನ ಸ್ಪೀಕರು, ಪರ್ಸಿನ ಅಯಸ್ಕಾಂತದ ಗುಂಡಿ, ಇವು ಹೇರ್ ಸ್ಪ್ರಿಂಗಿಗೆ ನಿಜವಾದ ಶತ್ರುಗಳು. ಆದರೆ ಅವುಗಳ ಕಾಟ ತಗುಲಿದ ವಾಚು ಸಾಮಾನ್ಯವಾಗಿ ನಿಮಿಷಗಟ್ಟಲೆ ಮುಂದೆ ಓಡುತ್ತದೆ. ನಿಮ್ಮದು ಹಿಂದೆ ಬೀಳುತ್ತಿದೆ.

ಆಲ್ದೂರಿನ ಕಡೆಯ ಎಸ್ಟೇಟ್ ರೈಟರೊಬ್ಬರು, ಎಂದರೆ ತೋಟದ ಗುಮಾಸ್ತರು, ಹೀಗೇ ಬಂದಿದ್ದರು. "ನನ್ನ ಕೈಯಲ್ಲಿ ಎರಡು ವಾಚು ಸತ್ತಿವೆ ಸ್ವಾಮಿ, ಇದು ಮೂರನೆಯದು" ಎಂದರು. ಸತ್ತ ಎರಡನ್ನೂ ತರಿಸಿ ಬಿಚ್ಚಿದೆ. ಕೀ ಕಡ್ಡಿಯ ದಾರಿಯಲ್ಲಿ ಬೆವರೂ ನೀರೂ ಇಳಿದು ತುಕ್ಕು ಹಿಡಿದಿತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ತೊಳೆಯುವಾಗಲೂ ವಾಚು ಬಿಚ್ಚದಿದ್ದರೆ ಆಗುವುದು ಅದೇ. ಮೂರನೆಯದರಲ್ಲಿ ತುಕ್ಕು ಇರಲಿಲ್ಲ, ಆದರೂ ದಿನಕ್ಕೆ 30 ಸೆಕೆಂಡು ಹಿಂದೆ. ಅದನ್ನು ಒಂದು ವಾರ ನಾನೇ ಕಟ್ಟಿಕೊಂಡೆ. ದಿನಕ್ಕೆ 8 ಸೆಕೆಂಡು ಮುಂದೆ ಹೋಯಿತು. ಅವರ ಮುಖ ಸಣ್ಣದಾಯಿತು, ಮೈಯದೇ ದೋಷವೆಂಬುದು ಸಾಬೀತಾಯಿತಲ್ಲ! "ಇನ್ನು ಬಲಗೈಗೆ ಕಟ್ಟಿ ನೋಡಿ" ಎಂದೆ. ಒಂದು ವಾರದ ಮೇಲೆ ಬಂದು, 5 ಸೆಕೆಂಡು ಮಾತ್ರ ಹಿಂದೆ ಎಂದರು. ಉಷ್ಣ ಎಡಗೈಯಲ್ಲಿ ಮಾತ್ರ ಇರುತ್ತದೆಯೇ?

ನಡೆದದ್ದು ಇಷ್ಟು. ವಾಚಿನ ಜೀವ ಇರುವುದು ಬ್ಯಾಲೆನ್ಸ್ ಚಕ್ರದಲ್ಲಿ. ಜನತಾದಲ್ಲಿ ಅದು ಸೆಕೆಂಡಿಗೆ 5 ಸಲ, ದಿನಕ್ಕೆ 4,32,000 ಸಲ ಹೊಯ್ದಾಡುತ್ತದೆ. ಡಯಲ್ ಮೇಲ್ಮುಖವಾಗಿ ಮಲಗಿದ್ದಾಗ ಚಕ್ರದ ಅಚ್ಚು ಬುಗುರಿಯ ಹಾಗೆ ಮೊಳೆಯ ತುದಿಯಲ್ಲಿ ನಿಂತಿರುತ್ತದೆ, ತಿಕ್ಕಾಟ ಅತಿ ಕಡಿಮೆ. ವಾಚನ್ನು ಪಕ್ಕಕ್ಕೆ ನಿಲ್ಲಿಸಿದರೆ ಅದೇ ಅಚ್ಚು ಬಾವಿಯ ರಾಟೆಯ ಅಚ್ಚಿನಂತೆ ಎರಡೂ ಕಡೆ ಅದನ್ನು ಹಿಡಿದಿರುವ ಪುಟ್ಟ ಕಲ್ಲಿನ ತೂತಿನ ಗೋಡೆಗೆ ಒರಗುತ್ತದೆ. ತಿಕ್ಕಾಟ ಹೆಚ್ಚಿ ಚಕ್ರದ ಬೀಸು ಇಳಿಯುತ್ತದೆ. ಚಕ್ರದ ಒಂದು ಬದಿ ಕೂದಲಿನಷ್ಟು ಭಾರವಾಗಿದ್ದರಂತೂ, ಆ ಭಾರ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೆ ವಾಚು ಹಿಂದೆಯೋ ಮುಂದೆಯೋ ಹೋಗುತ್ತದೆ. ಮಲಗಿಸಿದಾಗ ಈ ದೋಷ ಕಾಣುವುದೇ ಇಲ್ಲ.

ಎಡಗೈಗೆ ಕಟ್ಟಿ ಕೈ ಇಳಿಬಿಟ್ಟರೆ ಕೀ ಗುಂಡಿ ನೆಲದ ಕಡೆಗೆ ಇರುತ್ತದೆ, ಬಲಗೈಯಲ್ಲಾದರೆ ಮುಗಿಲಿನ ಕಡೆಗೆ. ರೈಟರು ದಿನವಿಡೀ ತೋಟದಲ್ಲಿ ಕೈ ಬೀಸುತ್ತ ನಡೆಯುವವರು. ನಾನು ಮೇಜಿಗೆ ಮೊಣಕೈ ಊರಿ ಕುಳಿತವನು, ನನ್ನ ವಾಚು ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ವ್ಯತ್ಯಾಸ ಮೈಯದಲ್ಲ, ಉದ್ಯೋಗದ್ದು. ಅತಿ ನಿಖರವಾದ ವಾಚುಗಳಿಗೆ ಮಾಡುವ ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ ಪರೀಕ್ಷೆಯಲ್ಲೂ ವಾಚನ್ನು 15 ದಿನ, 5 ಭಂಗಿಗಳಲ್ಲಿ, 3 ಉಷ್ಣಾಂಶಗಳಲ್ಲಿ ಇಟ್ಟು ನೋಡುತ್ತಾರೆ. ಕಟ್ಟಿಕೊಳ್ಳುವವರ ಜಾತಕವನ್ನು ಯಾರೂ ಕೇಳುವುದಿಲ್ಲ.

ನೀವು ಮಾಡಬೇಕಾದದ್ದು ಸುಲಭ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ, ಕೈಗೆ ತಡೆ ಸಿಗುವವರೆಗೆ ಪೂರ್ತಿ ಕೀ ಕೊಡಿ. ಅರೆಬರೆ ಕೀ ಕೊಟ್ಟರೆ ಸಂಜೆಯ ಹೊತ್ತಿಗೆ ಬೀಸು ಕುಗ್ಗಿ ಲೆಕ್ಕವೆಲ್ಲ ಕೆಡುತ್ತದೆ. ರಾತ್ರಿ ಹತ್ತಕ್ಕೆ ಮೊಬೈಲಿನ ಸಮಯ ನೋಡಿ ಬರೆದಿಟ್ಟು, ವಾಚನ್ನು ಒಂದು ರಾತ್ರಿ ಡಯಲ್ ಮೇಲಾಗಿ, ಇನ್ನೊಂದು ರಾತ್ರಿ ಕೀ ಗುಂಡಿ ಮೇಲಾಗಿ, ಮೂರನೇ ರಾತ್ರಿ ಗುಂಡಿ ಕೆಳಗಾಗಿ ಇಟ್ಟು ಬೆಳಿಗ್ಗೆ ಆರಕ್ಕೆ ಹೋಲಿಸಿ. ಯಾವ ಭಂಗಿಯಲ್ಲಿ ಮುಂದೆ ಓಡುತ್ತದೋ ಅದರಲ್ಲೇ ಮಲಗಿಸಿ. ಹಗಲಿನ ಸಾಲವನ್ನು ಅದು ರಾತ್ರಿ ಒಂದಿಷ್ಟಾದರೂ ತೀರಿಸುತ್ತದೆ. ಹೇಗಿಟ್ಟರೂ ಹಿಂದೆಯೇ ಬಿದ್ದರೆ ಮಾತ್ರ ತನ್ನಿ, ಓಟ ಹೊಂದಿಸುವ ಒಳಗಿನ ಮುಳ್ಳನ್ನು ಒಂದು ಚೂರು ಸರಿಸಿ ಕೊಡುತ್ತೇನೆ. ಹಾಗೆ ನೋಡಿದರೆ 86,400 ಸೆಕೆಂಡಿನಲ್ಲಿ 30 ತಪ್ಪುವ ಯಂತ್ರವನ್ನು ಬೈಯಲು ನನಗೆ ಮನಸ್ಸೇ ಬರುವುದಿಲ್ಲ. ಹತ್ತು ಸಾವಿರಕ್ಕೆ ನಾಲ್ಕೂ ತಪ್ಪಲಿಲ್ಲವಲ್ಲ!

ಗೋಡೆಯ ಲೋಲಕದ ಗಡಿಯಾರದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೈ ವಾಚಿನ ಚಕ್ರವನ್ನು ಹಿಂದಕ್ಕೆ ಎಳೆಯುವುದು ಸ್ಪ್ರಿಂಗು, ಲೋಲಕವನ್ನು ಎಳೆಯುವುದು ಭೂಮಿ. ಎತ್ತರಕ್ಕೆ ಹೋದಂತೆ ಭೂಮಿಯ ಎಳೆತ ಸಡಿಲವಾಗುತ್ತದೆ. ಆದ್ದರಿಂದ ಮಂಗಳೂರಿನ ಅಜ್ಜನ ಮನೆಯಿಂದ ಚಾರ್ಮಾಡಿ ಘಾಟಿ ಹತ್ತಿಸಿ ತಂದ ಗಡಿಯಾರ, ಸಾವಿರ ಮೀಟರಿಗೂ ಎತ್ತರದ ನಮ್ಮ ಊರಿನಲ್ಲಿ ದಿನಕ್ಕೆ ಸುಮಾರು 10 ಸೆಕೆಂಡು ಹಿಂದೆ ಬೀಳಬೇಕು. ಇಲ್ಲಿನ ತಂಪಿಗೆ ಲೋಲಕದ ಲೋಹದ ಕಡ್ಡಿ ಕುಗ್ಗಿ ಅದರಲ್ಲಿ ಎರಡು ಮೂರು ಸೆಕೆಂಡು ವಾಪಸು ಸಿಗುತ್ತದೆ. 1672ರಲ್ಲಿ ಝಾನ್ ರಿಶೇ ಎಂಬ ಫ್ರೆಂಚ್ ವಿಜ್ಞಾನಿ ಪ್ಯಾರಿಸ್ಸಿನ ಲೋಲಕದ ಗಡಿಯಾರವನ್ನು ಭೂಮಿಯ ಎಳೆತ ಕಡಿಮೆ ಇರುವ ಸಮಭಾಜಕದ ಬಳಿ, ದಕ್ಷಿಣ ಅಮೆರಿಕದ ಕಯೆನ್‌ಗೆ ಒಯ್ದಾಗ ಅದು ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿದ್ದಿತ್ತು. ಆತ ತನ್ನ ಮೈಯನ್ನು ಬೈದುಕೊಳ್ಳಲಿಲ್ಲ. ನೀವೂ ಲೋಲಕದ ತುದಿಯ ಗುಂಡಿನ ಕೆಳಗಿನ ತಿರುಪನ್ನು ಸ್ವಲ್ಪ ಬಿಗಿ ಮಾಡಿ, ಗುಂಡು ಮೇಲೇರಿ ಓಟ ಚುರುಕಾಗುತ್ತದೆ. ಅದಕ್ಕೂ ಮುಂಚೆ ಕಣ್ಣು ಮುಚ್ಚಿ ಅದರ ಸದ್ದು ಕೇಳಿ. ಎರಡು ಸದ್ದುಗಳ ನಡುವಿನ ಅಂತರ ಸಮವಾಗಿಲ್ಲದಿದ್ದರೆ ಗಡಿಯಾರ ಗೋಡೆಯ ಮೇಲೆ ಓರೆಯಾಗಿ ನೇತಾಡುತ್ತಿದೆ, ಮೊದಲು ಅದನ್ನು ನೆಟ್ಟಗೆ ಮಾಡಿ.