ಸಿಸ್ಟರಿಗೆ ಯಾಕೆ ಉಪದ್ರ?

ರಾತ್ರಿ ಮೂರು ಗಂಟೆಗೆ ವಾರ್ಡಿನಲ್ಲಿ ಬರುವ ಒಂದು ಸದ್ದು ನನಗೆ ನೋಡದೆಯೇ ಗೊತ್ತಾಗುತ್ತದೆ. ಮೊದಲು ಗ್ಲೂಕೋಸ್ ಸ್ಟ್ಯಾಂಡ್ ಬೀಳುತ್ತದೆ, ಕಬ್ಬಿಣದ ಸದ್ದು. ಅದರ ಹಿಂದೆಯೇ ಮನುಷ್ಯ. ಆ ಸದ್ದು ಬೇರೆಯೇ.

ಅವತ್ತು ಬಿದ್ದದ್ದು ಪೆರ್ಲ ಕಡೆಯ ಒಬ್ಬರು ಅಜ್ಜ. ಅಡಿಕೆ ತೋಟದವರು, 78 ವರ್ಷ. ಕಾಲು ಊದಿಕೊಂಡು ಉಸಿರಾಡಲು ಕಷ್ಟ ಅಂತ ಸೇರಿದ್ದರು. ಮಗ ಮಂಚದ ಪಕ್ಕ ಚಾಪೆ ಹಾಸಿ ಮಲಗಿದ್ದ. ಅಜ್ಜ ಅವನಿಗೆ ಎಚ್ಚರವಾಗದ ಹಾಗೆ ಮೆಲ್ಲ ದಾಟಿ, ಬಾತ್‌ರೂಮಿನ ಬಾಗಿಲಿನವರೆಗೆ ಹೋಗಿದ್ದರು. ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ಸ್ಟ್ರೆಚರಿನ ಮೇಲೆ ಮಲಗಿಯೇ ನನ್ನ ಹತ್ತಿರ ಹೇಳಿದರು: "ಅವ ಹಗಲಿಡೀ ಓಡಾಡಿ ದಣಿದಿದ್ದ. ನಿಮಗೂ ಯಾಕೆ ಉಪದ್ರ ಅಂತ ನಾನೇ ಎದ್ದೆ ಮಗಳೇ."

ಸೊಂಟದ ಹತ್ತಿರ ತೊಡೆಯ ಎಲುಬು ಮುರಿದಿತ್ತು. ನಾಲ್ಕು ದಿನದಲ್ಲಿ ಮನೆಗೆ ಹೋಗಬೇಕಾದವರು ಆಪರೇಷನ್ ಆಗಿ ತಿಂಗಳುಗಟ್ಟಲೆ ಮಲಗಿದರು.

ಕಾಸರಗೋಡಿನ ವಾರ್ಡುಗಳಲ್ಲಿ 20 ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದ್ದೇನೆ. 'ಉಪದ್ರ' ಅನ್ನುವ ಈ ಶಬ್ದದಷ್ಟು ಎಲುಬು ಮುರಿದದ್ದು ಬೇರೆ ಯಾವುದೂ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಒದ್ದೆ ನೆಲ, ಸವೆದ ಚಪ್ಪಲಿ, ಕಾಲಿಗೆ ಸಿಕ್ಕುವ ಲುಂಗಿ, ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ, ಅವನ್ನು ಬಿಡುತ್ತೇನೆ. ನನಗೆ ತಲೆ ಕೆಡುವುದು ಈ ದಾಕ್ಷಿಣ್ಯ ಕಂಡಾಗ. ನಮ್ಮವರು ಊಟ ತಣ್ಣಗಿದ್ದರೆ ಜೋರು ಮಾಡುತ್ತಾರೆ, ಬಿಲ್ಲು ತಡವಾದರೆ ಜೋರು ಮಾಡುತ್ತಾರೆ. ಮೂತ್ರಕ್ಕೆ ಹೋಗಬೇಕು ಅಂತ ಕರೆಯುವುದಕ್ಕೆ ಮಾತ್ರ ನಾಚಿಕೆ.

ಆಸ್ಪತ್ರೆಯಲ್ಲಿ ಬೀಳುವುದು ಅಂದರೆ ಜನರಿಗೆ ಕಣ್ಣ ಮುಂದೆ ಬರುವುದು ನಿದ್ದೆಯಲ್ಲಿ ಮಂಚದಿಂದ ಉರುಳುವುದು. ಹಾಗೆ ಬೀಳುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಕಂಡದ್ದರಲ್ಲಿ ಹೆಚ್ಚಿನವರು ಬಿದ್ದದ್ದು ಎದ್ದ ಮೇಲೆ, ಮಂಚಕ್ಕೂ ಬಾತ್‌ರೂಮಿಗೂ ನಡುವಿನ ಆ ಹತ್ತು ಹೆಜ್ಜೆಯಲ್ಲಿ. ಅದಕ್ಕೇ ಮಂಚದ ಎರಡೂ ಕಡೆ ಕಂಬಿ ಏರಿಸಿ "ಇನ್ನು ಹೆದರಿಕೆ ಇಲ್ಲ ಅಲ್ವಾ ಸಿಸ್ಟರ್?" ಅಂತ ಕೇಳುವವರಿಗೆ ನಾನು ಹೂಂ ಅನ್ನುವುದಿಲ್ಲ. ಅರೆಬರೆ ಎಚ್ಚರದಲ್ಲಿರುವ ಮುದುಕರಿಗೆ ಆ ಕಂಬಿ ಬೇಲಿ ಇದ್ದ ಹಾಗೆ. ಅವಸರವಾದರೆ ಹತ್ತಿ ದಾಟುತ್ತಾರೆ. ಮಂಚದ ಎತ್ತರದಿಂದ ಬೀಳಬೇಕಾದವರು ಕಂಬಿಯ ಎತ್ತರದಿಂದ ಬೀಳುತ್ತಾರೆ.

ಇನ್ನು ಎದ್ದು ನಿಲ್ಲುವುದರ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಬೇಡಿ. ಮಲಗಿದವರು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹೊಟ್ಟೆ, ಕಾಲಿನ ಕಡೆಗೆ ಇಳಿಯುತ್ತದೆ. ಗಟ್ಟಿಮುಟ್ಟಾದವರಲ್ಲಿ ರಕ್ತನಾಳಗಳು ತಕ್ಷಣ ಬಿಗಿಯಾಗಿ ಅದನ್ನು ಸರಿ ಮಾಡುತ್ತವೆ. ವಯಸ್ಸಾದವರು, ನಾಲ್ಕು ದಿನ ಮಲಗಿದವರು, ಬಿ.ಪಿ. ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ದೆ ಮಾತ್ರೆ ತಿನ್ನುವವರಲ್ಲಿ ಈ ಬಿಗಿತ ತಡವಾಗುತ್ತದೆ. ನಿಂತ 3 ನಿಮಿಷದೊಳಗೆ ಮೇಲಿನ ಬಿ.ಪಿ. 20 ಅಥವಾ ಕೆಳಗಿನದ್ದು 10 ಇಳಿದರೆ ಅದು ಗಮನಿಸಬೇಕಾದ ತೊಂದರೆ. ಮಲಗಿದ್ದಾಗ ನೋಡಿದ ಬಿ.ಪಿ. ಚಂದವೇ ಇರುತ್ತದೆ. ಹಾಗಾಗಿ "ಈಗಷ್ಟೇ ನೋಡಿದ್ದಲ್ವಾ, ನಾರ್ಮಲ್ ಇತ್ತಲ್ವಾ" ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಅದರ ಮೇಲೆ ನಾವೇ ಮೈಯ ನೀರನ್ನು ಮೂತ್ರದಲ್ಲಿ ಇಳಿಸುವ ಮಾತ್ರೆ ಕೊಟ್ಟಿರುತ್ತೇವೆ. ಲ್ಯಾಸಿಕ್ಸ್ ಅಂತ ಒಂದಿದೆ. ಆರು ಗಂಟೆ ಕೆಲಸ ಮಾಡುವ ಕಾರಣಕ್ಕೇ, ಇಂಗ್ಲಿಷಿನ 'ಲಾಸ್ಟ್ಸ್ ಸಿಕ್ಸ್' ಅನ್ನುವುದರಿಂದ, ಅದಕ್ಕೆ ಆ ಹೆಸರು ಬಂತು ಅನ್ನುತ್ತಾರೆ. ಸಂಜೆ ಅದನ್ನು ಕೊಟ್ಟರೆ ಅಜ್ಜ ಯಾವಾಗ ಏಳುತ್ತಾರೆ ಅಂತ ನೀವೇ ಲೆಕ್ಕ ಹಾಕಿ. ಸಂಜೆಯ ಡೋಸನ್ನು ಮಧ್ಯಾಹ್ನಕ್ಕೆ ತರಬಹುದಾ ಅಂತ ಡಾಕ್ಟರ ಹತ್ತಿರ ಕೇಳಿ. ಕೇಳಿ ಅಂದೆ. ನೀವೇ ಬದಲಾಯಿಸಬೇಡಿ, ಕೆಲವರಿಗೆ ಆ ಹೊತ್ತಿನ ಡೋಸ್ ಬೇಕೇ ಬೇಕು.

ಗಂಡಸರಿಗೆ ಇನ್ನೊಂದು ಮಾತು. ರಾತ್ರಿ ನಿದ್ದೆಯಿಂದ ಎದ್ದು ನಿಂತುಕೊಂಡು ಮೂತ್ರ ಮಾಡುವಾಗ ಬಿ.ಪಿ. ಇಳಿದು ಎಚ್ಚರ ತಪ್ಪುವುದುಂಟು. ಕಮೋಡಿನ ಮೇಲೆ ಕೂತು ಮಾಡಿ. ಯಾರೂ ನೋಡುವುದಿಲ್ಲ, ಮರ್ಯಾದೆ ಹೋಗುವುದಿಲ್ಲ.

ನಾವು ಸುಮ್ನೆ ಕಾಗದ ತುಂಬಿಸುತ್ತಾ ಕೂತಿರುತ್ತೇವೆ ಅಂತ ಕೆಲವರು ಗೊಣಗುತ್ತಾರೆ. ಬೀಳುವ ಅಪಾಯ ಅಳೆಯುವ ಮೋರ್ಸ್ ಸ್ಕೇಲ್ ಅನ್ನುವುದು ಆ ಕಾಗದಗಳಲ್ಲಿ ಒಂದು, ಅದರಲ್ಲಿ 6 ಪ್ರಶ್ನೆ. ಕೋಲು ಹಿಡಿದು ನಡೆಯುವವರಿಗೆ 15 ಅಂಕ, ಗೋಡೆ, ಮೇಜು ಹಿಡಿದು ನಡೆಯುವವರಿಗೆ 30. ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು. "ಕೋಲು ಬೇಡ ಸಿಸ್ಟರ್, ಗೋಡೆ ಹಿಡಿದು ಆರಾಮ ನಡೀತಾರೆ" ಅಂತ ಮನೆಯವರು ಹೆಮ್ಮೆಯಿಂದ ಹೇಳಿದಾಗ ನಾನು 30 ಬರೆಯುತ್ತೇನೆ. ಆದರೂ ಈ ಅಂಕಗಳನ್ನು ಕಣ್ಣು ಮುಚ್ಚಿ ನಂಬಬಾರದು. ಚಿಕಿತ್ಸೆ ಹೇಗಿರಬೇಕು ಅಂತ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2013ರಲ್ಲೇ ಹೇಳಿತ್ತು: ಸ್ಕೋರ್ ನೋಡಿ ಯಾರು ಬೀಳುತ್ತಾರೆ ಅಂತ ಭವಿಷ್ಯ ಹೇಳಲು ಹೋಗಬೇಡಿ, ಆಸ್ಪತ್ರೆಗೆ ಸೇರಿದ 65 ದಾಟಿದ ಎಲ್ಲರನ್ನೂ ಬೀಳಬಹುದಾದವರು ಅಂತಲೇ ನೋಡಿಕೊಳ್ಳಿ ಅಂತ.

ಆಸ್ಟ್ರೇಲಿಯಾದಲ್ಲಿ ಎಚ್ಚರಿಕೆ ಫಲಕ, ತಗ್ಗಿನ ಮಂಚ, ಅಲಾರಂ ಎಲ್ಲ ಸೇರಿಸಿ 24 ವಾರ್ಡುಗಳಲ್ಲಿ ದೊಡ್ಡ ಅಧ್ಯಯನ ಮಾಡಿದರು. 2016ರಲ್ಲಿ ಫಲಿತಾಂಶ ಬಂತು. ಬೀಳುವುದು ಕಡಿಮೆಯಾಗಲಿಲ್ಲ. 2020ರಲ್ಲಿ ಅಮೆರಿಕದಿಂದ ಬಂದ ಇನ್ನೊಂದರಲ್ಲಿ ಬೀಳುವುದು ಶೇಕಡಾ 15, ಬಿದ್ದು ಪೆಟ್ಟಾಗುವುದು ಶೇಕಡಾ 34 ಕಡಿಮೆಯಾಯಿತು. ಅಲ್ಲಿ ನರ್ಸ್, ರೋಗಿ, ಮನೆಯವರು ಒಟ್ಟಿಗೆ ಕೂತು ಈ ರೋಗಿಗೆ ಏನು ಅಪಾಯ, ಅದಕ್ಕೆ ಏನು ಮಾಡಬೇಕು ಅಂತ ಮಾತಾಡಿ, ಮಂಚದ ಹತ್ತಿರವೇ ಬರೆದು ಹಾಕುತ್ತಿದ್ದರು. ಅವರ ವಾರ್ಡು ಬೇರೆ, ನಮ್ಮದು ಬೇರೆ. ಇಲ್ಲಿಯೂ ಅಷ್ಟೇ ಕಡಿಮೆಯಾಗುತ್ತದೆ ಅಂತ ನಾನು ಗ್ಯಾರಂಟಿ ಕೊಡುವುದಿಲ್ಲ. ಆದರೆ ಅವರಿಗಿಲ್ಲದ ಒಂದು ನಮಗಿದೆ: ರಾತ್ರಿಯಿಡೀ ಪಕ್ಕದಲ್ಲೇ ಇರುವ ಮನೆಯವರು. ಕೇರಳದ ಆಸ್ಪತ್ರೆಯಲ್ಲಿ ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆಗೆ ನಿಲ್ಲುವವರು, ಇಲ್ಲದ ಮಂಚ ಕಾಣಸಿಗುವುದು ಅಪರೂಪ.

ಕೂತು ಮಾತಾಡುವುದೂ ನಮ್ಮೂರಿನಲ್ಲಿ ಸುಲಭ ಅಲ್ಲ. ಕೋಟ್ಟಯಂ ಕಡೆಯಿಂದ ಹೊಸದಾಗಿ ಬಂದ, ಕನ್ನಡ ಬಾರದ ಮಲಯಾಳಿ ಹುಡುಗಿ ಒಬ್ಬಳು ಡ್ಯೂಟಿಯಲ್ಲಿದ್ದಳು. ಮುಳ್ಳೇರಿಯಾದ ಅಜ್ಜಿ ಒಬ್ಬರು ಪಾಪ, ನಾಚಿಕೆ ಬಿಟ್ಟು ಕರೆದೇ ಬಿಟ್ಟರು: "ಸಿಸ್ಟರ್, ಒಂದಕ್ಕೆ ಹೋಗಬೇಕಿತ್ತು." ಹುಡುಗಿಗೆ 'ಒಂದು' ಮಾತ್ರ ಅರ್ಥವಾಯಿತು. "ಒನ್ನೋ? ಎಂದ್ ಒನ್ನ್?" (ಒಂದಾ? ಏನು ಒಂದು?) ಅಂತ ಕೇಳಿದಳು. ಅಜ್ಜಿ ಒಂದು ಬೆರಳು ಎತ್ತಿ ತೋರಿಸಿದರು. ಅವಳು ಹೋಗಿ ಒಂದು ದಿಂಬು ತಂದುಕೊಟ್ಟಳು! ಅಜ್ಜಿ ದಿಂಬು ಪಕ್ಕಕ್ಕಿಟ್ಟು ತಾವೇ ಇಳಿಯುವಾಗ, ಪುಣ್ಯಕ್ಕೆ, ನಾನು ಆ ದಾರಿಯಲ್ಲಿ ಬಂದೆ. ಮರುದಿನ ನರ್ಸಿಂಗ್ ಸ್ಟೇಷನ್ನಿನ ಗೋಡೆಯಲ್ಲಿ 'ಒಂದಕ್ಕೆ', 'ಎರಡಕ್ಕೆ', 'ತಲೆ ತಿರುಗುತ್ತದೆ' ಅಂತ ಮಲಯಾಳಂ ಅಕ್ಷರದಲ್ಲಿ ಬರೆದು ಅಂಟಿಸಿದೆ. ಆ ಹುಡುಗಿ ಈಗ ನನಗಿಂತ ಚಂದ ಕನ್ನಡ ಮಾತಾಡುತ್ತಾಳೆ.

ಹಾಗಾಗಿ ರಾತ್ರಿ ಜೊತೆಗೆ ಕೂರುವವರಿಗೆ ನನ್ನ ಕೋರಿಕೆ ಇಷ್ಟು. ಮಲಗುವ ಮೊದಲು ನೀವೇ ಅವರನ್ನು ಒಮ್ಮೆ ಬಾತ್‌ರೂಮಿಗೆ ಕರೆದುಕೊಂಡು ಹೋಗಿ. 'ಬೇಡ' ಅಂದರೂ. ಎಬ್ಬಿಸುವಾಗ ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಿಸಿ, ಪಾದ ಆಡಿಸಲು ಹೇಳಿ. ನಿಲ್ಲಿಸಿದ ಮೇಲೆ ಒಂದು ನಿಮಿಷ ಅಲ್ಲೇ ಹಿಡಿದುಕೊಂಡು ಏನಾದರೂ ಮಾತಾಡಿಸಿ. ಉತ್ತರ ತೊದಲಿದರೆ, ಕಣ್ಣು ಕತ್ತಲೆ ಬಂತು ಅಂದರೆ ಕೂರಿಸಿ, ನಮ್ಮನ್ನು ಕರೆಯಿರಿ. ಗ್ಲೂಕೋಸ್ ಸ್ಟ್ಯಾಂಡನ್ನು ಊರುಗೋಲು ಅಂದುಕೊಳ್ಳಬೇಡಿ, ಅದಕ್ಕೆ ಚಕ್ರ ಇದೆ. ಇಷ್ಟೆಲ್ಲ ಮಾಡಿಯೂ ಬಿದ್ದರೆ ತಕ್ಷಣ ಎತ್ತಿ ಕೂರಿಸಬೇಡಿ, ಮುಚ್ಚಿಡಲೂ ಬೇಡಿ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ತಲೆಗೆ ಪೆಟ್ಟು ಮಾಡಿಕೊಂಡರೆ, ಹೊರಗಿನಿಂದ ಏನೂ ಕಾಣದಿದ್ದರೂ ಒಳಗೆ ರಕ್ತ ಸೋರುತ್ತಿರಬಹುದು.

ಪೆರ್ಲದ ಅಜ್ಜ ಮುಂದಿನ ಮಳೆಗಾಲದಲ್ಲಿ ಮತ್ತೆ ಬಂದು ಸೇರಿದರು, ಅದೇ ಉಸಿರಾಟದ ತೊಂದರೆ. ಈ ಸಲ ಮಗ ಚಾಪೆಯನ್ನು ಮಂಚದ ಆಚೆ ಬದಿಗೆ ಹಾಸಿದ್ದ. ಅಪ್ಪನ ಕೈಯಿಂದ ತನ್ನ ಕೈಗೆ ಒಂದು ಸಪೂರ ಹಗ್ಗ ಕಟ್ಟಿಕೊಂಡಿದ್ದ. "ಎಳೆದರೆ ಎಚ್ಚರವಾಗ್ತದೆ ಸಿಸ್ಟರ್" ಅಂದ. ನಾನು ಹಗ್ಗ ಬಿಚ್ಚಿಸಿದೆ, ಅದೇ ಕಾಲಿಗೆ ಸಿಕ್ಕರೆ ಮತ್ತೊಂದು ಕಥೆ. ಬದಲಿಗೆ ಅಜ್ಜನ ಕೈಗೆ ಒಂದು ಸ್ಟೀಲ್ ಲೋಟ, ಚಮಚ ಕೊಟ್ಟೆ. ಎರಡೂವರೆಗೆ ಟಣ್ ಟಣ್ ಅಂತ ಬಡಿದರು ನೋಡಿ, ಇಡೀ ವಾರ್ಡಿಗೆ ಎಚ್ಚರವಾಯಿತು.