ಹೊಸ ಇನ್ಸ್‌ಪೆಕ್ಟರ್ ತಪ್ಪಲ್ಲ ಮಾರಾಯ್ರೇ

ತೀರ್ಥಹಳ್ಳಿಯ ಹೋಟೆಲಿನಲ್ಲಿ ಕಾಫಿ ಲೋಟ ಕೈಗೆ ಬರುವ ಮೊದಲೇ ಪರಿಚಯದವರೊಬ್ಬರು ಶುರು ಮಾಡಿದರು. "ಏನ್ ಮಾರಾಯ್ರೇ, ನಿಮ್ಮ ಹೊಸ ಇನ್ಸ್‌ಪೆಕ್ಟರ್ ಮುಖದಲ್ಲಿ ಕಳೆಯೇ ಇಲ್ವಲ್ಲ! ಹಳಬರನ್ನ ಯಾಕೆ ಬಿಟ್ರಿ?"

ನಾನು ಧಾರಾವಾಹಿಗಳಿಗೆ ಚಿತ್ರಕಥೆ, ಸಂಭಾಷಣೆ ಬರೆಯುವವನು. ಅವರು ಹೇಳುತ್ತಿದ್ದ ಪತ್ತೇದಾರಿ ಧಾರಾವಾಹಿಗೆ ಬರೆಯುವವರಲ್ಲಿ ನಾನೂ ಒಬ್ಬ. ನಾಯಕ ನಟ ಅರ್ಧಕ್ಕೇ ಬಿಟ್ಟು ಹೋದರು. ಪರದೆಯ ಕೆಳಗೆ 'ಇನ್ನು ಮುಂದೆ ಈ ಪಾತ್ರದಲ್ಲಿ' ಅಂತ ಒಂದು ಸಾಲು ಓಡಿತು, ಹೊಸಬರು ಬಂದರು. ಬೈಗುಳವೆಲ್ಲ ಅವರ ತಲೆಗೆ. ನಿಜ ಹೇಳಬೇಕೆಂದರೆ ಅದರಲ್ಲಿ ಜಾಸ್ತಿ ಪಾಲು ನನಗೆ ಬರಬೇಕಿತ್ತು.

ಒಂದು ದೃಶ್ಯ ಹೇಳುತ್ತೇನೆ. ಅಡಿಕೆ ಸುಗ್ಗಿಯ ಕಾಲ. ಮನೆಯ ಯಜಮಾನನ ಕೊಲೆಯಾಗಿದೆ. "ರಾತ್ರಿಯಿಡೀ ಒಬ್ಬನೇ ಕೂತು ಅಡಿಕೆ ಸುಲೀತಿದ್ದೆ ಸರ್" ಅನ್ನುತ್ತಾನೆ ಅಣ್ಣನ ಮಗ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಫೋನ್ ರಿಂಗಾಗುತ್ತದೆ. ಆ ಕಡೆಯಿಂದ ಕಾನ್‌ಸ್ಟೆಬಲ್, "ಸರ್, ಟವರ್ ಲೊಕೇಶನ್ ಬಂತು, ಅವನು ಹೇಳ್ತಿರೋದು ಸುಳ್ಳು." ಕೇಸು ಮುಗೀತು. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಊರಿನ ಕಥೆಯಲ್ಲಿ ನಾನು ಬರೆದದ್ದು ಇದು!

ಇಂಥ ದೃಶ್ಯ ಬಂದಾಗ ಹಳೆಯ ನಟರು ಕನ್ನಡಕ ತೆಗೆದು, ನಿಧಾನಕ್ಕೆ ಒರೆಸಿ, ಎದುರಿನವನನ್ನು ಒಮ್ಮೆ ನೋಡುತ್ತಿದ್ದರು. ಇವರಿಗೆ ಏನೋ ಹೊಳೀತು ಅಂತ ಜನ ಅಂದುಕೊಳ್ಳುತ್ತಿದ್ದರು. ಹೊಳೆಯುವಂಥದ್ದು ನನ್ನ ಬರಹದಲ್ಲಿ ಏನೂ ಇರಲಿಲ್ಲ. ನನ್ನ ತೂತಿಗೆ ಅವರು ತೇಪೆ ಹಾಕುತ್ತಿದ್ದರು, ಅಷ್ಟೇ. ಹೊಸಬರು ಪಾಪ, ಬರೆದದ್ದನ್ನು ಬರೆದ ಹಾಗೇ ಮಾಡಿದರು. ಫೋನ್ ಎತ್ತಿ "ಹೌದಾ?" ಅಂದರು.

ಆ ದೃಶ್ಯದ ಸುಳಿವು ನಮ್ಮ ಅಂಗಳದಲ್ಲೇ ಬಿದ್ದಿತ್ತು. ಹಸಿ ಅಡಿಕೆ ಸುಲಿದರೆ ಸಿಪ್ಪೆಯ ಕರೆ ಹಿಡಿದು ಬೆರಳು ಕಪ್ಪಾಗುತ್ತದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಮರುದಿನಕ್ಕೆ ಹೋಗುವುದಿಲ್ಲ. ಆ ಹುಡುಗ ಇನ್ಸ್‌ಪೆಕ್ಟರಿಗೆ ಕಾಫಿ ತಂದುಕೊಡಲಿ. ಲೋಟ ಹಿಡಿದ ಬೆರಳು ಬೆಳ್ಳಗಿರುವುದು ನೋಡುವವರಿಗೂ ಕಾಣಲಿ. ಇನ್ಸ್‌ಪೆಕ್ಟರ್ ಕಾಫಿ ಮುಗಿಸಿ, ಮೆಟ್ಟುಗತ್ತಿಯ ಕಡೆ ಕೈ ತೋರಿಸಿ, "ಎಲ್ಲಿ, ನಾಲ್ಕು ಅಡಿಕೆ ಸುಲಿ ನೋಡೋಣ" ಅನ್ನಲಿ. ಮಲೆನಾಡಿನ ಹೆಂಗಸರು ಇನ್ಸ್‌ಪೆಕ್ಟರಿಗಿಂತ ಮೊದಲೇ ಕಳ್ಳನನ್ನು ಹಿಡಿದಿರುತ್ತಾರೆ. ಪತ್ತೇದಾರಿ ನೋಡುವ ಖುಷಿಯೇ ಅದು, ಅಲ್ವಾ? ಈ ದೃಶ್ಯಕ್ಕೆ ಕನ್ನಡಕ ಒರೆಸುವ ನಟರೇ ಬೇಕು ಅಂತಿಲ್ಲ. ಆದರೆ ನಾಳೆ ಶೂಟಿಂಗ್, ಇವತ್ತು ಸಂಜೆ ಸೀನ್ ಕಳಿಸಿ ಅಂದಾಗ ಅಡಿಕೆ ಕರೆ ನೆನಪಾಗಲ್ಲ. ಟವರ್ ಲೊಕೇಶನ್ನೇ ಕೈಗೆ ಸಿಗುವುದು.

ಮುಖ ಬದಲಾದರೂ ಕಥೆ ಗಟ್ಟಿಯಾಗಿ ಉಳಿದದ್ದಕ್ಕೆ ಉದಾಹರಣೆ ಬ್ರಿಟನ್ನಿನ ಗ್ರಾನಡಾ ಟೆಲಿವಿಷನ್ನಿನ ಪತ್ತೇದಾರಿ ಧಾರಾವಾಹಿ ಶೆರ್ಲಾಕ್ ಹೋಮ್ಸ್. 1984ರಲ್ಲಿ ಶುರುವಾದಾಗ ಪತ್ತೇದಾರ ಹೋಮ್ಸ್ ಆಗಿದ್ದವರು ಜೆರೆಮಿ ಬ್ರೆಟ್, ಅವನ ಗೆಳೆಯ ವಾಟ್ಸನ್ ಆಗಿದ್ದವರು ಡೇವಿಡ್ ಬರ್ಕ್. 13 ಕಂತು ಮುಗಿಸಿ ಬರ್ಕ್ ಹೊರಟರು. 1986ರಿಂದ ಎಡ್ವರ್ಡ್ ಹಾರ್ಡ್‌ವಿಕ್ ವಾಟ್ಸನ್ ಆದರು. ಬದಲಾದದ್ದು ಎಲ್ಲಿ ನೋಡಿ: ಹೋಮ್ಸ್ ಜಲಪಾತಕ್ಕೆ ಬಿದ್ದು ಸತ್ತ ಅಂತ ವಾಟ್ಸನ್ ನಂಬುತ್ತಾನೆ, ಕಥೆಯಲ್ಲಿ ಮೂರು ವರ್ಷ ಕಳೆಯುತ್ತದೆ, ಆಮೇಲೆ ಹೋಮ್ಸ್ ವಾಪಸ್ ಬರುತ್ತಾನೆ. ಗೆಳೆಯನನ್ನು ಕಳೆದುಕೊಂಡು ಮೂರು ವರ್ಷ ಕಳೆದವನ ಮುಖ ಸ್ವಲ್ಪ ಮಾಗಿದ್ದರೆ ಯಾರಿಗೂ ವಿಚಿತ್ರ ಅನ್ನಿಸಲ್ಲ. ನಾವೋ, ಸೋಮವಾರ ಒಬ್ಬರು, ಮಂಗಳವಾರ ಇನ್ನೊಬ್ಬರು.

ಹೋಟೆಲಿನಲ್ಲಿ ಬೈದವರು ಯಕ್ಷಗಾನದ ಹುಚ್ಚಿನವರು. ಒಂದೇ ರಾತ್ರಿಯಲ್ಲಿ ಒಂದೇ ಪಾತ್ರವನ್ನು ಇಬ್ಬರು ಕಲಾವಿದರು ಮಾಡಿದರೂ ಬೆಳಗಿನವರೆಗೆ ಕೂತು ನೋಡುತ್ತಾರೆ. ಅದನ್ನೇ ಹೇಳಿದೆ. "ಅಲ್ಲಿ ಪ್ರಸಂಗ ಗಟ್ಟಿ ಇರ್ತದೆ ಮಾರಾಯ್ರೇ" ಅಂದರು. ಕಾಫಿ ದುಡ್ಡು ನಾನೇ ಕೊಟ್ಟೆ.

ಅವರಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಶೂಟಿಂಗಿನ ಮೊದಲ ದಿನವೇ ಹೊಸ ನಟರು ಫೋನ್ ಮಾಡಿದ್ದರು. "ಸರ್, ಈ ಸೀನಲ್ಲಿ ನಾನು ಏನನ್ನ ನೋಡ್ತಾ ಇರ್ತೀನಿ?"

"ಸುಮ್ನೆ ಗಂಭೀರವಾಗಿ ನೋಡಿ" ಅಂದಿದ್ದೆ.