‘ನಿನ್ನೆವರೆಗೂ ಚೆನ್ನಾಗಿತ್ತು ಡಾಕ್ಟ್ರೇ’

ಹಕ್ಕಿ ತರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುವ ಮಾತು ಇದು. ಶೂ ಡಬ್ಬದೊಳಗೆ ಒಂದು ಬಡ್ಜಿ (ನಮ್ಮಲ್ಲಿ ಇದನ್ನೇ ಎಲ್ಲರೂ ಲವ್ ಬರ್ಡ್ಸ್ ಅನ್ನುತ್ತಾರೆ, ಇರಲಿ) ಕಣ್ಣು ಅರ್ಧ ಮುಚ್ಚಿ, ಪುಕ್ಕ ಉಬ್ಬಿಸಿಕೊಂಡು ಉಂಡೆಯ ಹಾಗೆ ಕೂತಿರುತ್ತದೆ. ಉಸಿರು ಎಳೆದಾಗೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿರುತ್ತದೆ. ಎದೆಯ ಮೇಲೆ ಬೆರಳಿಟ್ಟರೆ ನಡುಮೂಳೆ ಚಾಕುವಿನ ಅಲಗಿನ ಹಾಗೆ ಸಿಗುತ್ತದೆ, ಎರಡೂ ಕಡೆ ಮಾಂಸವೇ ಇಲ್ಲ. ಇದು ಒಂದು ರಾತ್ರಿಯಲ್ಲಿ ಆಗಿದ್ದಲ್ಲ ಸ್ವಾಮಿ.

ಕಾಡಿನಲ್ಲಿ ಸುಸ್ತಾದ ಹಕ್ಕಿಯನ್ನು ಗಿಡುಗ ಮೊದಲು ಗುರುತಿಸುತ್ತದೆ. ಅದಕ್ಕೇ ಕೈಲಾಗುವವರೆಗೂ ಕಾಯಿಲೆ ಹಕ್ಕಿ ಚೆನ್ನಾಗಿರುವ ಹಾಗೇ ಇರುತ್ತದೆ. ನಿಮ್ಮ ಬಾಲ್ಕನಿಯ ಪಂಜರದಲ್ಲೂ ಅದೇ ಅಭ್ಯಾಸ. ಪುಕ್ಕದ ಕೆಳಗೆ ಮೈ ಕರಗಿದ್ದು ಕಣ್ಣಿಗೆ ಕಾಣುವುದಿಲ್ಲ.

‘ಆದ್ರೆ ತಿಂತಿತ್ತಲ್ಲ, ಬಟ್ಟಲು ತುಂಬಾ ಕಾಳಿತ್ತು’ ಅನ್ನುತ್ತಾರೆ. ಬಟ್ಟಲನ್ನು ಒಮ್ಮೆ ಊದಿ ನೋಡಿ. ಮೇಲಿದ್ದ ನವಣೆ ಹೊಟ್ಟು ಹಾರಿ ಹೋಗುತ್ತದೆ, ಕೆಳಗೆ ಹತ್ತು ಕಾಳೂ ಇರುವುದಿಲ್ಲ. ಕೆಲವು ಸಲ ಉಲ್ಟಾ. ಕಾಯಿಲೆ ಹಕ್ಕಿ ಬಟ್ಟಲ ಹತ್ತಿರವೇ ಕೂತು ಕಾಳು ಸುಲಿದು ಉದುರಿಸುತ್ತಿರುತ್ತದೆ, ನುಂಗುವುದೇ ಇಲ್ಲ.

ಹಾಗಾದರೆ ಗೊತ್ತಾಗುವುದು ಹೇಗೆ? ತೂಕ. ಈ ಒಂದು ಮಾತನ್ನು ಎಷ್ಟು ಸಲ ಹೇಳಿದ್ದೇನೋ! ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಗ್ರಾಂ ಲೆಕ್ಕ ತೋರಿಸಿದರೆ ಆಯಿತು. ಬೆಳಿಗ್ಗೆ ಕಾಳು ಹಾಕುವ ಮುಂಚೆ, ಒಂದು ಸಣ್ಣ ಡಬ್ಬದಲ್ಲಿ ಕೂರಿಸಿ, ವಾರಕ್ಕೊಮ್ಮೆ. ಬಡ್ಜಿ ಸುಮಾರು 30ರಿಂದ 40 ಗ್ರಾಂ ಇರುತ್ತದೆ. 36 ಇದ್ದದ್ದು 32ಕ್ಕೆ ಬಂದರೆ ‘ಬರೀ 4 ಗ್ರಾಂ’ ಅಂದುಕೊಳ್ಳಬೇಡಿ. 60 ಕೆಜಿ ಮನುಷ್ಯ 6 ಕೆಜಿಗಿಂತ ಜಾಸ್ತಿ ಇಳಿದ ಹಾಗೆ ಅದು.

ತೂಕ ಇಳಿದರೆ ಯಾವ ಕಾಯಿಲೆ ಅಂತ ಫೋನಿನಲ್ಲಿ ಕೇಳಬೇಡಿ, ನನಗೂ ಗೊತ್ತಾಗುವುದಿಲ್ಲ. ಹೊಟ್ಟೆಯ ಫಂಗಸ್ ಇರಬಹುದು, ಹುಳ ಇರಬಹುದು, ಗಿಳಿಜ್ವರವೂ (ಸಿಟಾಕೋಸಿಸ್ ಅನ್ನುವ ಬ್ಯಾಕ್ಟೀರಿಯಾ ಸೋಂಕು) ಇರಬಹುದು. ಹಿಕ್ಕೆ ಪರೀಕ್ಷೆ ಮಾಡದೆ ಹೇಳುವುದು ಕಷ್ಟ. ಅಲ್ಲಿವರೆಗೆ ಬೇರೆ ಪಂಜರ, ಒಂದು ಪಕ್ಕಕ್ಕೆ ಮಾತ್ರ ಬಲ್ಬಿನ ಶಾಖ, ಸೆಕೆ ಆದರೆ ಅದು ಆಚೆ ಸರಿಯುವಷ್ಟು ಜಾಗ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ನೀರಿಗೆ ಹಾಕುವುದು ಬೇಡವೇ ಬೇಡ. ನೀರೇ ಕುಡಿಯದ ಹಕ್ಕಿಗೆ ಎಷ್ಟು ಔಷಧಿ ಹೋಯಿತು ಅಂತ ಯಾರಿಗೆ ಗೊತ್ತು?

ಗಿಳಿಜ್ವರದ ಬಗ್ಗೆ ಸ್ವಲ್ಪ ಹೇಳಲೇಬೇಕು, ಅದು ಮನುಷ್ಯರಿಗೂ ಬರುತ್ತದೆ. ಒಣಗಿದ ಹಿಕ್ಕೆಯ ಧೂಳು ಉಸಿರಲ್ಲಿ ಹೋದರೆ ಸಾಕು. 1929-30ರಲ್ಲಿ ಅರ್ಜೆಂಟೀನಾದಿಂದ ಹೋದ ಗಿಳಿಗಳಿಂದ ಅಮೆರಿಕ, ಯುರೋಪಿನಲ್ಲಿ ಜನ ಸತ್ತಿದ್ದರು. ಈಗ ಅಷ್ಟು ಭಯ ಬೇಡ, ಔಷಧಿ ಇದೆ. ಆದರೆ ಮನೆಯಲ್ಲಿ ಯಾರಿಗಾದರೂ ಜ್ವರ, ಒಣಕೆಮ್ಮು ಬಿಡದಿದ್ದರೆ ‘ಮನೇಲಿ ಹಕ್ಕಿ ಇದೆ’ ಅಂತ ಅವರ ಡಾಕ್ಟರಿಗೆ ಹೇಳಿ. ಅವರಾಗಿ ಕೇಳದೆಯೂ ಇರಬಹುದು. ಪಂಜರ ಗುಡಿಸುವಾಗ ಮೊದಲು ನೀರು ಚಿಮುಕಿಸಿ. ಹೊಸ ಹಕ್ಕಿ ತಂದರೆ ಕಡಿಮೆ ಅಂದರೂ 30 ದಿನ ಬೇರೆ ಕೋಣೆಯಲ್ಲಿಡಿ. ‘ಪಾಪ, ಒಂಟಿ ಆಗುತ್ತೆ’ ಅಂತ ಅದೇ ಸಂಜೆ ಜೊತೆಗೆ ಬಿಟ್ಟವರನ್ನು ನೋಡಿ ನೋಡಿ ಸಾಕಾಗಿದೆ.

ಎಲ್ಲರೂ ಹಾಗಲ್ಲ. ರಿಟೈರಾದ ಮೇಷ್ಟ್ರೊಬ್ಬರು ಒಂದು ಸೋಮವಾರ ಹಕ್ಕಿಯ ಜೊತೆ ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದಿದ್ದರು. ಹಾಲಿನ ಲೆಕ್ಕದ ಪಕ್ಕದಲ್ಲೇ ವಾರವಾರದ ತೂಕ. ‘ಹಸಿರು 37, ಹಸಿರು 37, ಹಸಿರು 35.’ ಮೇಜಿನ ಮೇಲೆ ಹಕ್ಕಿ ಕಿರುಚಾಡುತ್ತಾ ನನ್ನ ಬೆರಳು ಕಚ್ಚಿತು. ನೋಡಲು ಏನೂ ಆಗಿರಲಿಲ್ಲ. ಹಿಕ್ಕೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟೆ, ಫಂಗಸ್ ಇತ್ತು. ಮುಂದಿನ ತಿಂಗಳು ಫೋನ್ ಮಾಡಿ ‘37, ಮೇಡಂ’ ಅಂದರು. ಹೆಸರೂ ಹೇಳಲಿಲ್ಲ.